ಮೊದಲ ಹೆಪ್ಪು ಯಾರ ಮನೆಯದು?

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಕುಕ್ಕರಿಗೂ ಮಿಕ್ಸಿಗೂ ನಡುವೆ, ಒಂದು ಸ್ಟೀಲ್ ಬಟ್ಟಲು ಹನ್ನೊಂದು ದಿನ ಕೂತಿತ್ತು. ಅಂಗೈಯಗಲದ ಬಟ್ಟಲು. ಕಂಠದ ಹತ್ತಿರ ಚುಕ್ಕೆ ಚುಕ್ಕೆಯಾಗಿ ಪಿ.ಎಲ್. ಎಂದು ಕೊರೆದಿದೆ. ಪಾತ್ರೆ ಅಂಗಡಿಯವರು ಕೊಂಡವರ ಹೆಸರನ್ನು ಪುಟ್ಟ ಮೆಷಿನ್ನಿನಲ್ಲಿ ಗರ್ ಗರ್ ಎಂದು ಬರೆದುಕೊಡುತ್ತಿದ್ದ ಕಾಲದ್ದು. ಪಿ ಎಂದರೆ ಫಿಲೋಮಿನಾ, ಎಲ್ ಎಂದರೆ ಅವಳ ಗಂಡ ಲಾರೆನ್ಸ್. ಲಾರೆನ್ಸ್ ತೀರಿಕೊಂಡು ಆರು ವರ್ಷವಾಯಿತು. ಬಟ್ಟಲಿನ ಮೇಲೆ ಮಾತ್ರ ಇಬ್ಬರೂ ಇನ್ನೂ ಪಕ್ಕಪಕ್ಕದಲ್ಲೇ ಇದ್ದಾರೆ.

ಫಿಲೋಮಿನಾಳ ಮನೆ ಇರುವುದು ನಮ್ಮ ಕಾಂಪೌಂಡ್ ಗೋಡೆಯ ಆಚೆಗೆ. ಕೈ ಚಾಚಿದರೆ ಬಟ್ಟಲು ಕೊಡಬಹುದು. ಆದರೂ ಕೊಡಲಾಗಲಿಲ್ಲ. ಯಾಕೆಂದರೆ ಬೇರೆ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು. ಈ ನಿಯಮ ನಿಮ್ಮ ಮನೆಯಲ್ಲೂ ಇದ್ದೀತು. ಹುಳಿ ಬಂದ ಪಾತ್ರೆಯಲ್ಲಿ ಪಲ್ಯ ಹೋಗಬೇಕು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹೋಗಬೇಕು. ಸಕ್ಕರೆ ಮನೆಯಲ್ಲಿತ್ತು. ಆದರೆ ನಾನು ಮಾಡಿದ್ದ ಘನಕಾರ್ಯಕ್ಕೆ ಒಂದು ಚಮಚ ಸಕ್ಕರೆ ಕಳಿಸಿದರೆ ಅದು ಇನ್ನೊಂದು ಅವಮಾನವಾಗುತ್ತಿತ್ತು.

ಆ ಘನಕಾರ್ಯ ಏನೆಂದು ಹೇಳುತ್ತೇನೆ. ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ. ಎಪ್ಪತ್ತನಾಲ್ಕನೇ ವಯಸ್ಸಿಗೆ ಅಷ್ಟು ಕನ್ಸೆಷನ್ ಕೊಡಿ.

ನಾವಿರುವುದು ಜಾಲಹಳ್ಳಿಯಲ್ಲಿ, ಕಾರ್ಖಾನೆಯ ನೌಕರರು ಸೇರಿ ಮಾಡಿಕೊಂಡ ಲೇಔಟಿನಲ್ಲಿ. ನಮ್ಮವರು ಟೂಲ್ ರೂಮಿನಲ್ಲಿದ್ದರು, ಲಾರೆನ್ಸ್ ಪೇಂಟ್ ಶಾಪಿನಲ್ಲಿ. ನಾನೂ ಫಿಲೋನೂ ಹತ್ತಿರದ ಒಂದು ಕಾನ್ವೆಂಟಿನಲ್ಲಿ ಟೀಚರುಗಳು. ನನ್ನದು ಬಯಾಲಜಿ, ಅವಳದು ಕೆಮಿಸ್ಟ್ರಿ. ಎರಡು ಮನೆಗೂ ಮೊಸರಿನ ವಂಶ ಒಂದೇ. ನನ್ನ ಅಮ್ಮ ಕೋಲಾರದ ಚಿನ್ನದ ಗಣಿಯ ಊರಿನಿಂದ ನನ್ನನ್ನು ಗಂಡನ ಮನೆಗೆ ಕಳಿಸುವಾಗ, ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಬಾಟಲಿಯಲ್ಲಿ ಹೆಪ್ಪು ಕೊಟ್ಟಿದ್ದಳು. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ. ಹೊಸ ಗಂಡನ ಕಡೆಗೆ ಒಂದು ಸಲವೂ ತಿರುಗಲಿಲ್ಲ, ಬಾಟಲಿಯನ್ನೇ ನೋಡುತ್ತಿದ್ದೆ ಎಂದು ನಮ್ಮವರು ಈಗಲೂ ಆಡಿಕೊಳ್ಳುತ್ತಾರೆ. ಆ ಹೆಪ್ಪಿನಿಂದಲೇ ಫಿಲೋ ಮನೆಗೂ ಹೆಪ್ಪು ಹೋಯಿತು. ನಾವು ಊರಿಗೆ ಹೋದಾಗ ಅದು ಅವರಲ್ಲಿ ಬದುಕಿಕೊಂಡಿರುತ್ತದೆ, ಅವರು ಹೋದಾಗ ನಮ್ಮಲ್ಲಿ.

ಆದರೂ ಎರಡು ಮೊಸರಿನ ರುಚಿ ಬೇರೆ. ನಮ್ಮದು ಸಿಹಿ, ಸ್ವಲ್ಪ ತೆಳು. ಅವಳದು ಗಟ್ಟಿ, ನಾಲಿಗೆಯ ತುದಿಗೆ ಹುಳಿ ತಾಗುತ್ತದೆ. ಅವಳ ಅಡುಗೆಮನೆಗೆ ಪಶ್ಚಿಮದ ಬಿಸಿಲು, ಹಾಲನ್ನು ಕೆಂಪಗಾಗುವವರೆಗೆ ಕಾಯಿಸುತ್ತಾಳೆ. ನಮ್ಮದು ಹಲಸಿನ ಮರದ ನೆರಳಿನ ಅಡುಗೆಮನೆ. ನಲವತ್ತು ವರ್ಷ ಈ ವ್ಯತ್ಯಾಸವನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರೂ, ಬಯಾಲಜಿ ಮಿಸ್ ಆದ ನಾನು ಅದನ್ನು ಒಂದು ಮಗುವಿಗೂ ಹೇಳಲಿಲ್ಲ. ಅದಕ್ಕೂ ಒಂದು ಕಾರಣವಿದೆ.

ಕಾರಣ ನಾನು ಓದಿದ ಗಣಿ ಊರಿನ ಕಾನ್ವೆಂಟಿನಲ್ಲಿದೆ. ಅಲ್ಲಿ ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಒಂದು ರೂಮಿಗೆ ಹೋಗುತ್ತಿದ್ದರು, ನಾವು ಮಿಕ್ಕವರು ಮಾರಲ್ ಸೈನ್ಸ್ ರೂಮಿಗೆ. ಆದರೆ ಆರು ದಿನದಲ್ಲಿ ಲೋಕ ಆದ ಕಥೆ ಎರಡು ರೂಮಿಗೂ ಸಮಾನವಾಗಿ ಹಂಚಿಕೆಯಾಗುತ್ತಿತ್ತು. ಸಿಸ್ಟರ್ ಬಲು ಚೆನ್ನಾಗಿ ಹೇಳುತ್ತಿದ್ದರು. ಮೀನಿನ ದಿನ ಬಂದಾಗ ಅವರ ಕೈಯೇ ಈಜುತ್ತಿತ್ತು. ಎಲ್ಲ ಮುಗಿದ ಮೇಲೆ, ನಾಲ್ಕನೇ ಕ್ಲಾಸಿನ ನಾನು ಎದ್ದು ನಿಂತು, ಎಕ್ಸ್‌ಕ್ಯೂಸ್ ಮಿ ಸಿಸ್ಟರ್, ಎಲ್ಲವನ್ನೂ ದೇವರು ಮಾಡಿದ, ದೇವರನ್ನು ಯಾರು ಮಾಡಿದರು ಎಂದು ಕೇಳಿದೆ. ತುಂಟತನಕ್ಕಲ್ಲ, ಗಾಡ್ ಪ್ರಾಮಿಸ್. ಅವತ್ತು ಊಟದ ಬೆಲ್ಲಿನವರೆಗೂ ವರಾಂಡದಲ್ಲಿ ನಿಂತೆ. ಸಂಜೆ ಮನೆಯಲ್ಲಿ ಅಜ್ಜಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಬುದ್ಧಿ ಬರಲಿಲ್ಲ ನೋಡಿ, ಅವಳನ್ನೂ ಕೇಳಿದೆ. ಈ ಹೆಪ್ಪು ನಿನ್ನೆಯ ಮೊಸರಿನದು, ನಿನ್ನೆಯದು ಮೊನ್ನೆಯದು, ಹಾಗಾದರೆ ಎಲ್ಲಕ್ಕಿಂತ ಮೊದಲ ಹೆಪ್ಪು ಯಾರ ಮನೆಯದು? ಹಾಲು ಆರುತ್ತಾ ಇದೆ, ಬಾಯಿ ಮುಚ್ಚಿಕೊಂಡು ಕೂರು ಎಂದಳು ಅಜ್ಜಿ. ವಿಜ್ಞಾನ ಮತ್ತು ಧರ್ಮ ಎರಡೂ ಒಂದೇ ದಿನ ನನ್ನ ಬಾಯಿ ಮುಚ್ಚಿಸಿದವು. ಅಂದಿನಿಂದ ಪ್ರಶ್ನೆ ಎಂದರೆ ನನಗೆ ವರಾಂಡ.

ಹೀಗಿದ್ದವಳು ಬಯಾಲಜಿ ಟೀಚರ್ ಆದದ್ದು ತಮಾಷೆ. ಹೂವಿನ ಭಾಗ, ಕಪ್ಪೆಯ ಹೃದಯ, ಇವೆಲ್ಲ ಬೋರ್ಡಿನ ಮೇಲೆ ಚೆಂದ ಬಿಡಿಸುತ್ತಿದ್ದೆ. ಹತ್ತನೇ ಕ್ಲಾಸು ಕೊಟ್ಟ ಮೊದಲ ವರ್ಷ ಜೀವವಿಕಾಸದ ಪಾಠ ಬಂತು. ಒಂದು ಪೀರಿಯಡ್ ಮಾಡಿದೆ. ಮರುದಿನ ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್ ಕರೆದರು. ಅವರ ರೂಮಿನ ಮುಂದೆ ಬಿಳಿ ಪಂಚೆ, ಟವೆಲ್ಲಿನ ಒಬ್ಬ ಎತ್ತರದ ಮನುಷ್ಯ ನಿಂತಿದ್ದರು. ಜಾಲಹಳ್ಳಿಯ ಹಳೆಯ ಮನೆತನದ ಗಂಗಾಧರಪ್ಪ. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು. "ನಮ್ ತಾತ ಕೋತಿ ಅಂತ ಮಿಸ್ಸು ಯೋಳ್ಕೊಟ್ರಂತೆ," ಎಂದು ಅವರು ಶುರು ಮಾಡುತ್ತಿದ್ದ ಹಾಗೆ ನನ್ನ ಕಿವಿ ಗುಂಯ್ ಎಂದಿತು. ಮುಂದಿನದು ಕೇಳಿಸಲಿಲ್ಲ. ಸಾರಿ ಸಾರ್, ಸಾರಿ ಸಾರ್ ಎಂದು ಎಷ್ಟು ಸಲ ಹೇಳಿದೆನೋ. ಸ್ಟಾಫ್ ರೂಮಿಗೆ ಓಡಿ ಬಂದು ಅತ್ತೆ. ನಾಳೆಯ ಪೀರಿಯಡ್ಡಿಗೆ ನಾನು ಹೋಗಲಾರೆ, ರಜ ಹಾಕುತ್ತೇನೆ ಎಂದೆ.

ಫಿಲೋ ಟಿಫನ್ ಬಾಕ್ಸ್ ಮುಚ್ಚಿ, ನನ್ನ ಪುಸ್ತಕ ಎಳೆದುಕೊಂಡು ಪಾಠ ಓದಿದಳು. ಓದಿ, ನಾನು ತಗೋತೀನಿ ಎಂದಳು.

ಫಿಲೋ ದಿನಾ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುವವಳು. ಚೀಲದಲ್ಲಿ ಚಾಕ್‌ಪೀಸಿನ ಜೊತೆ ಜಪಮಾಲೆ ಇರುತ್ತಿತ್ತು. ನಿನಗೆ ಇದು ಪಾಪ ಅನ್ನಿಸುವುದಿಲ್ಲವೇ ಎಂದು ಕೇಳಿದ್ದೆ. ಮಾಡಿದ್ದು ಯಾರು ಅನ್ನುವುದು ನನ್ನ ವಿಷಯ, ಹೇಗೆ ಮಾಡಿದ ಅನ್ನುವುದು ಅವನ ವಿಷಯ, ಪಾಠ ಅಂದರೆ ಪಾಠ ಎಂದಿದ್ದಳು. ಮರುದಿನ ನನ್ನ ಕ್ಲಾಸನ್ನು ಮೈದಾನಕ್ಕೆ ಕರೆದುಕೊಂಡು ಹೋದಳು. ಒಂದು ಕರ್ಚೀಫಿನ ಗಂಟು ಬಿಚ್ಚಿ, ಬಿಳಿ ಅಲಸಂದೆ ಕಾಳು, ಕಂದು ಹುರುಳಿ ಕಾಳು ಎರಡನ್ನೂ ಕೆಂಪು ಮಣ್ಣಿನ ಮೇಲೆ ಎರಚಿದಳು. ನೀವೆಲ್ಲ ಕಾಗೆಗಳು, ಒಂದು ನಿಮಿಷ, ಸಿಕ್ಕಿದ್ದನ್ನು ಹೆಕ್ಕಿ ಎಂದಳು. ಮಕ್ಕಳು ಮುಗಿಬಿದ್ದರು. ಕೈಗೆ ಬಂದದ್ದು ಹೆಚ್ಚೂಕಡಿಮೆ ಬರೀ ಅಲಸಂದೆ. ಹುರುಳಿ ಮಣ್ಣಿನಲ್ಲಿ ಮಣ್ಣಾಗಿ ಉಳಿದುಕೊಂಡಿತ್ತು. ಉಳಿದದ್ದು ಯಾಕೆ ಉಳಿಯಿತು ಹೇಳಿ ಎಂದಳು. ಅಷ್ಟೇ ಪಾಠ. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ.

ಅದಾದ ಮೇಲೆ ಇಪ್ಪತ್ತನಾಲ್ಕು ವರ್ಷ, ನಾನು ರಿಟೈರ್ ಆಗುವವರೆಗೂ, ಆ ಒಂದು ಪಾಠದ ದಿನ ನಾನು ಅವಳ ಕ್ಲಾಸಿಗೆ ಹೋಗಿ ಟೆಸ್ಟ್ ಪೇಪರ್ ಕೊಟ್ಟು ಕೂರುತ್ತಿದ್ದೆ, ಅವಳು ನನ್ನ ಕ್ಲಾಸನ್ನು ಮೈದಾನಕ್ಕೆ ಇಳಿಸುತ್ತಿದ್ದಳು. ಒಂದು ವರ್ಷವೂ ತಪ್ಪಿಲ್ಲ. ನಾವು ಇದನ್ನು ಯಾರಿಗೂ ಹೇಳಿಲ್ಲ. ಇದು ನಮ್ಮಿಬ್ಬರ ಗುಟ್ಟು ಎಂದು ನಾನು ನಂಬಿಕೊಂಡಿದ್ದೆ.

ಈಗ ಘನಕಾರ್ಯಕ್ಕೆ ಬರುತ್ತೇನೆ.

ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರದೊಂದು ಬಳಗವಿದೆ. ಮಂಡಿನೋವಿನವರು ಹತ್ತು ನಿಮಿಷ ನಡೆದು ಒಂದು ಗಂಟೆ ಕೂರುವ ಬಳಗ. ಅದರ ಸೆಕ್ರೆಟರಿ ಇದೇ ಗಂಗಾಧರಪ್ಪನವರು. ಎಂಬತ್ತರ ಹತ್ತಿರ ಬಂದರೂ ಬೆನ್ನು ಬಾಗಿಲ್ಲ. ಅವರ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ನಾಲ್ಕು ಅಪಾರ್ಟ್‌ಮೆಂಟ್ ನಿಂತಿವೆ, ಒಂದರಲ್ಲಿ ಅವರೇ ಮೂರನೇ ಮಹಡಿಯಲ್ಲಿದ್ದಾರೆ. ಭಾನುವಾರಕ್ಕೊಂದು ಚರ್ಚೆ ಇಡುವುದು ಅವರ ಉಮೇದು. ಒಂದು ವಾರ ಮೆಂತ್ಯ ನೆನೆಸಿ ತಿನ್ನಬೇಕೋ ಪುಡಿ ಮಾಡಿ ತಿನ್ನಬೇಕೋ ಎಂಬ ವಿಷಯದಲ್ಲಿ ಇಬ್ಬರು ಮಾತು ಬಿಟ್ಟಿದ್ದರು. ಅದರ ಮುಂದಿನ ವಾರಕ್ಕೆ ಗಂಭೀರವಾದದ್ದು ಬೇಕೆಂದು, ಜೀವ ತಾನಾಗಿ ಹುಟ್ಟಿತೋ ಯಾರಾದರೂ ಹುಟ್ಟಿಸಿದರೋ ಎಂದು ಇಟ್ಟರು. ತಾನಾಗಿ ಹುಟ್ಟಿತು ಎನ್ನುವುದಕ್ಕೆ ನಾನು, ಹುಟ್ಟಿಸಿದರು ಎನ್ನುವುದಕ್ಕೆ ಫಿಲೋ. ಬೇಡ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಬೇಡ ಎನ್ನುವುದಕ್ಕೂ ಧೈರ್ಯ ಬೇಕು, ಮೈ ಡಿಯರ್ಸ್.

ಹಿಂದಿನ ದಿನ ಫಿಲೋ ಗೋಡೆಯ ಮೇಲಿಂದ ಈ ಬಟ್ಟಲು ಕೊಟ್ಟಳು. ದ್ರಾಕ್ಷಿ ಹಾಕಿದ ಶಾವಿಗೆ ಪಾಯಸ. "ನಾಳೆ ಜೋರಾಗಿ ಕೂಗ್ಬೇಕಲ್ಲ ನೀನು, ತಿಂದು ಮಲಕ್ಕೋ," ಎಂದಳು.

ಭಾನುವಾರ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ನೆನಪಾಗದೆ ಇನ್ನೊಂದು ನುಂಗಲು ಹೋಗಿ ನಮ್ಮವರ ಕೈಯಲ್ಲಿ ಬೈಸಿಕೊಂಡು ಹೊರಟೆ. ಚೀಟಿಯಲ್ಲಿ ಬರೆದುಕೊಂಡಿದ್ದನ್ನೆಲ್ಲ ಓದಿದೆ. ಕಡಲು, ಕೋಟಿ ಕೋಟಿ ವರ್ಷ, ಒಂದೇ ಕೋಶದ ಜೀವಿ. ನನ್ನ ಧ್ವನಿ ನನಗೇ ಸೊಳ್ಳೆಯ ಹಾಗೆ ಕೇಳುತ್ತಿತ್ತು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರೇ ಬೂಟಿನ ಲೇಸು ನೋಡಿಕೊಳ್ಳತೊಡಗಿದರು. ನಡುವೆ ಒಬ್ಬರು ಎದ್ದು, ಇದೆಲ್ಲ ನಮ್ಮ ದಶಾವತಾರದಲ್ಲಿ ಆಗಲೇ ಇದೆ, ಮೊದಲು ಮೀನು, ಆಮೇಲೆ ಆಮೆ ಎಂದರು. ಅವರಿಗೆ ಚಪ್ಪಾಳೆ ಬಿತ್ತು. ಆಮೇಲೆ ಫಿಲೋ ಎದ್ದಳು. ಚೀಟಿ ಇಲ್ಲ, ಗೀಟಿ ಇಲ್ಲ.

"ಹಾಲು ಎಷ್ಟೇ ಚೆನ್ನಾಗಿರ್ಲಿ," ಎಂದಳು, "ತಾನಾಗಿ ಮೊಸರಾಗುತ್ತಾ? ಯಾರೋ ಒಬ್ರು ಒಂದು ಚಮಚ ಹೆಪ್ಪು ಹಾಕ್ಬೇಕು. ಹಾಕಿದ ಕೈ ನಮಗೆ ಕಾಣ್ಸಲ್ಲ, ಅಷ್ಟೇ."

ಇಡೀ ಪಾರ್ಕು ಅಹುದಹುದು ಎಂದಿತು. ಮೊಸರು ತಿನ್ನುವ ಜನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ. ಅರವತ್ತೈದು ವರ್ಷದ ಹಿಂದೆ ನಾನು ಅಜ್ಜಿಗೆ ಕೇಳಿದ ಪ್ರಶ್ನೆ ಈಗ ಉತ್ತರದ ವೇಷ ಹಾಕಿಕೊಂಡು ನನ್ನ ಎದುರಿಗೆ ನಿಂತಿತ್ತು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಗಂಗಾಧರಪ್ಪನವರು ನನ್ನ ಅವಸ್ಥೆ ನೋಡಿ ಸಹಾಯಕ್ಕೆಂದೇ ಮೈಕು ಕೊಟ್ಟು, ಮಿಸ್, ನೀವು ಸ್ಕೂಲಲ್ಲಿ ಮಕ್ಕಳಿಗೆ ಇದನ್ನು ಹೇಗೆ ಹೇಳಿಕೊಡುತ್ತಿದ್ದಿರಿ, ಅದನ್ನೇ ನಮಗೂ ಹೇಳಿ ಎಂದರು.

ಆಗ ನನ್ನ ಬಾಯಿಂದ ಬಂತು. "ಇಪ್ಪತ್ತನಾಲ್ಕು ವರ್ಷ ಈ ಪಾಠ ಮಾಡಿದ್ದೀನಿ. ಒಂದು ವರ್ಷಾನೂ ತಪ್ಪಿಸಿಲ್ಲ." ಅಷ್ಟಕ್ಕೆ ನಿಲ್ಲಿಸಿದ್ದರೂ ಒಂದು ರೀತಿ. ಜನ ತಲೆ ಎತ್ತಿ ನೋಡಿದ್ದೇ ತಡ, ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆ ಎಂದೆ. ಅಲಸಂದೆ ಎರಚಿದೆ, ಹುರುಳಿ ಎರಚಿದೆ, ಕಾಗೆಗಳಾಗಿ ಎಂದೆ. ಕೈ ಬೀಸಿ ಎರಚಿ ತೋರಿಸಿದೆ ಕೂಡ. ಚಪ್ಪಾಳೆ ಬಿತ್ತು. ಕೂತುಕೊಳ್ಳುವಾಗ ಫಿಲೋ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಚೂಡಿದಾರದ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಅವತ್ತು ಸಂಜೆ ಅದೇ ಗುಂಗಿನಲ್ಲಿ ಒಲೆಯಿಂದ ಇಳಿಸಿದ ಹಾಲಿಗೆ, ಬೆರಳು ಅದ್ದಿ ನೋಡದೆ, ಇದ್ದಬದ್ದ ಹೆಪ್ಪನ್ನೆಲ್ಲ ಹಾಕಿಬಿಟ್ಟೆ. ಕುದಿಯುವ ಹಾಲು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು, ಸುಟ್ಟ ವಾಸನೆಯೊಂದಿಗೆ. ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಅಮ್ಮನ ಹೆಪ್ಪು, ಐವತ್ತು ವರ್ಷ ಬದುಕಿದ್ದು, ನನ್ನ ಅವಸರಕ್ಕೆ ಸತ್ತಿತು. ಇನ್ನು ಅದು ಉಳಿದಿದ್ದರೆ ಗೋಡೆಯ ಆಚೆಗೆ ಮಾತ್ರ.

ಅಂಗಡಿಯಲ್ಲಿ ಪ್ಯಾಕೆಟ್ ಮೊಸರು ಸಿಗುವುದಿಲ್ಲವೇ ಎನ್ನುತ್ತೀರಿ. ಸಿಗುತ್ತದೆ. ಫೋನ್ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ. ತರಿಸಿದೆ. ನಮ್ಮವರು ಎರಡು ಚಮಚ ಅನ್ನಕ್ಕೆ ಹಾಕಿಕೊಂಡರು, ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದರು. ಆಮೇಲೆ ನನಗೆ ಹಸಿಮೆಣಸಿನಕಾಯಿಯ ತೊಟ್ಟು ನೆನಪಾಯಿತು. ಹೆಪ್ಪಿಲ್ಲದ ಮನೆಯಲ್ಲಿ ಹಾಲಿಗೆ ತೊಟ್ಟು ಹಾಕಿಟ್ಟರೆ ಮೊಸರಾಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ತೊಟ್ಟಿನ ಮೇಲಿನ ಕ್ರಿಮಿಗಳೇ ಹೆಪ್ಪಿನ ಕೆಲಸ ಮಾಡುತ್ತವೆ ಎಂದು ಬಯಾಲಜಿ ಮಿಸ್ಸಿಗೆ ಗೊತ್ತು. ಆದರೂ ಮನಸ್ಸಿನಲ್ಲಿ ಒಂದು ಹಟ: ಇದು ಮೊಸರಾದರೆ ಫಿಲೋಗೆ ತೋರಿಸಬಹುದು, ಕೈ ಹಾಕದೆಯೂ ಆಗುತ್ತದೆ ನೋಡು ಎಂದು. ಆ ಬಟ್ಟಲಲ್ಲೇ ತುಂಬಿ ಕೊಡಬಹುದು. ಏಳು ತೊಟ್ಟು ಹಾಕಿದೆ. ಅರ್ಧ ಗಂಟೆಗೊಮ್ಮೆ ತಟ್ಟೆ ಸರಿಸಿ ನೋಡಿದೆ. ಮರುದಿನ ಬೆಳಿಗ್ಗೆ ಅದು ಎಳೆ ಎಳೆಯಾಗಿ, ಲೋಳೆಯಾಗಿ, ವಾಸನೆ ಬಂದಿತ್ತು. ನಮ್ಮವರು ಬಗ್ಗಿ ನೋಡಿ, "ಕೋಟಿ ವರ್ಷ ಬೇಕು ಅಂತ ನೀನೇ ಹೇಳಿದ್ಯಲ್ಲೇ, ಕಾಯೋಣ ಬಿಡು," ಎಂದರು.

ನಗಬೇಕಿತ್ತು. ನಗು ಬರಲಿಲ್ಲ. ಪಾರ್ಕಿಗೆ ಹೋಗುವ ಸಮಯ ಬದಲಿಸಿದೆ. ಫಿಲೋ ಗೇಟಿನ ಚಿಲಕ ಸದ್ದಾದರೆ ಪರದೆಯ ಹಿಂದೆ ಸರಿದು ನಿಲ್ಲುತ್ತಿದ್ದೆ, ಸ್ವಂತ ಮನೆಯಲ್ಲೇ ಕಳ್ಳಿಯ ಹಾಗೆ. ಬಳಗದ ವಾಟ್ಸಪ್ ಗ್ರೂಪು ಟಿಂಗ್ ಎಂದರೆ ಕೈಲಿದ್ದ ಕೆಲಸ ಬಿಟ್ಟು ಫೋನಿಗೆ ಓಡುತ್ತಿದ್ದೆ. ಒಂದು ಮಧ್ಯಾಹ್ನ ಗ್ರೂಪಿನಲ್ಲಿ ಫಿಲೋಮಿನಾ ಏನೋ ಟೈಪ್ ಮಾಡುತ್ತಿದ್ದಾಳೆ ಎಂದು ತೋರಿಸಿತು. ಇದೋ ಬಂತು, ಆ ಪಾಠ ಇವಳು ಮಾಡಿದ್ದಲ್ಲ, ನಾನು ಮಾಡಿದ್ದು ಎಂದು ಬರೆಯುತ್ತಾಳೆ, ಎಲ್ಲರೂ ಓದುತ್ತಾರೆ. ಕನ್ನಡಕ ಒರೆಸಿಕೊಂಡು ಕಾದೆ. ಟೈಪಿಂಗ್ ನಿಂತಿತು. ಏನೂ ಬರಲಿಲ್ಲ. ಬಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವಳು ಬಯಲು ಮಾಡಿಬಿಡುತ್ತಾಳೆ ಎಂಬ ಹೆದರಿಕೆ ಐದಾರು ದಿನ ಇತ್ತು. ಅದು ಕರಗಿದ ಮೇಲೆ ಅದರ ಅಡಿಯಲ್ಲಿ ಇನ್ನೊಂದು ಕಾಣಿಸಿತು. ಅವಳು ಎಂದಿಗೂ ಬಯಲು ಮಾಡುವುದಿಲ್ಲ, ಹೆಪ್ಪನ್ನೂ ಕೇಳುವುದಿಲ್ಲ, ಬಟ್ಟಲನ್ನೂ ಕೇಳುವುದಿಲ್ಲ. ಗೋಡೆ ಸುಮ್ಮನೆ ಗೋಡೆಯಾಗಿ ಉಳಿಯುತ್ತದೆ. ಈ ವಯಸ್ಸಿನಲ್ಲಿ ಇನ್ನೊಬ್ಬ ಫಿಲೋಮಿನಾಳನ್ನು ಎಲ್ಲಿಂದ ಶುರು ಮಾಡಲಿ?

ಹನ್ನೊಂದನೇ ದಿನ ಸಂಜೆ ಹಾಲು ಕಾಯಿಸಿ, ಬೆರಳು ಅದ್ದಿ ಅದ್ದಿ ನೋಡಿ, ಉಗುರುಬೆಚ್ಚಗಾದಾಗ ಆ ಬಟ್ಟಲಿಗೆ ಸುರಿದೆ. ಗೋಡೆಯ ಮೇಲಿಂದ ಕರೆಯಲು ಮುಖವಿರಲಿಲ್ಲ. ರಸ್ತೆಗೆ ಇಳಿದು, ಸುತ್ತಿ, ಅವಳ ಗೇಟಿನಿಂದ ಹೋದೆ. ಬಾಗಿಲು ತೆರೆದಳು. ಬಟ್ಟಲು ನೋಡಿದಳು.

"ಹೆಪ್ಪು ಬೇಕಿತ್ತು," ಎಂದೆ.

"ನಿಂದೇನಾಯ್ತು?"

"ಸತ್ತುಹೋಯ್ತು. ಬಿಸಿ ಹಾಲಿಗೆ ಹಾಕ್ಬಿಟ್ಟೆ."

"ನಿಮ್ಮೆಜಮಾನ್ರು ಇಷ್ಟು ದಿನ ಏನ್ ತಿಂದ್ರು?"

"ಪ್ಯಾಕೆಟ್‌ದು."

"ಪಾಪ," ಎಂದಳು. ಒಳಗೆ ಬಾ ಎನ್ನಲಿಲ್ಲ. ಹೋಗು ಎನ್ನಲೂ ಇಲ್ಲ. ನಾನು ಬಟ್ಟಲು ಹಿಡಿದುಕೊಂಡು, ಪಾರ್ಕಿನಲ್ಲಿ ಅವತ್ತು ನಾನು ಆಡಿದ ಮಾತು ಎಂದು ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ. ಅವಳೇ ಹೇಳಿದಳು.

"ಪಾಠ ನಾನೇ ಮಾಡಿದ್ದು ಅಂದ್ಯಲ್ಲ, ಅದು ಹೋಗ್ಲಿ. ನಿನ್ನ ಸಬ್ಜೆಕ್ಟು, ನಿನ್ನ ಕ್ಲಾಸು. ಹುರುಳಿ ಕಾಳು ನಂದು ಕಣೇ ವನೂ."

ನಾನು ಬಟ್ಟಲನ್ನು ಇನ್ನೊಂದು ಕೈಗೆ ಬದಲಿಸಿದೆ.

"ಹಿಂದಿನ ಸಂಜೆ ಲಾರೆನ್ಸ್ ಕೂತ್ಕೊಂಡು ಆರಿಸಿ ಕೊಡ್ತಿದ್ದ. ನೂರು ಹುರುಳಿ, ನೂರು ಅಲಸಂದೆ. ಹುಳ ಹೊಡೆದಿದ್ದು ಒಂದೂ ಇರ್ಬಾರ್ದು ಅವನಿಗೆ. ತನ್ನ ಕರ್ಚೀಫಲ್ಲೇ ಕಟ್ಟಿ ಕೊಡೋನು. ವರ್ಷಕ್ಕೆ ಒಂದಿನ ಅವನೂ ನನ್ನ ಜೊತೆ ಸ್ಕೂಲಿಗೆ ಬಂದಂಗಿರ್ತಿತ್ತು. ಅದನ್ನ ನೀನು ಮೈಕ್ ಹಿಡ್ಕೊಂಡು ನಂದು ಅಂದೆ."

ಇಪ್ಪತ್ತನಾಲ್ಕು ವರ್ಷ ಕಿಟಕಿಯಲ್ಲಿ ನಿಂತು ನೋಡಿದ್ದೆ. ಕರ್ಚೀಫು ಗಂಡಸರದು ಎಂಬುದನ್ನು ಒಂದು ಸಲವೂ ಗಮನಿಸಿರಲಿಲ್ಲ. ಮಕ್ಕಳಿಗೆ ಅಬ್ಸರ್ವೇಶನ್ ಎಂಬ ಪದದ ಸ್ಪೆಲ್ಲಿಂಗ್ ಮಾತ್ರ ಕಲಿಸಿದ ಟೀಚರ್ ನಾನು.

ಬರುವ ಭಾನುವಾರ ಎಲ್ಲರ ಮುಂದೆ ನಿಜ ಹೇಳುತ್ತೇನೆ ಎಂದೆ. ಹೇಳು ಎಂದು ತಾನು ಹೇಳುತ್ತಿಲ್ಲ ಎಂದಳು. ಹೇಳಬೇಡ ಎಂದೂ ಹೇಳಲಿಲ್ಲ. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಒಳಗೆ ಹೋಗಿ ಒಂದು ಚಮಚ ಹೆಪ್ಪು ಹಾಕಿ, ತಟ್ಟೆ ಮುಚ್ಚಿ ತಂದಳು. "ಅಲ್ಲಾಡಿಸ್ದೆ ತಗೊಂಡ್ಹೋಗು," ಎಂದಳು. ಎರಡು ಗೇಟಿನ ನಡುವೆ ಎಷ್ಟು ದೂರ ಎಂದು ಅವತ್ತು ತಿಳಿಯಿತು. ಎದುರಿಗೆ ಪೀಣ್ಯದ ಶಿಫ್ಟ್ ಬಸ್ಸು ಬಂತು. ಅದು ಪೂರ್ತಿ ಹೋಗುವವರೆಗೆ ಬಟ್ಟಲನ್ನು ಎದೆಗೆ ಒತ್ತಿ ಹಿಡಿದು ಗೋಡೆಗೆ ಆನಿಕೊಂಡು ನಿಂತಿದ್ದೆ.

ಬೆಳಿಗ್ಗೆ ಮೊಸರಾಗಿತ್ತು. ಅದನ್ನು ನಮ್ಮ ಪಾತ್ರೆಗೆ ಬಗ್ಗಿಸಿಕೊಂಡು ಬಟ್ಟಲು ತೊಳೆದೆ. ಮತ್ತೆ ಖಾಲಿ. ಅವತ್ತಿನಿಂದ ಮೂರು ದಿನ ಮಧ್ಯಾಹ್ನ, ಕಿಟಕಿಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ಕಾಳು ಆರಿಸುತ್ತ ಕೂತೆ. ನೂರಕ್ಕೆ ಬರುವಷ್ಟರಲ್ಲಿ ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ. ನಮ್ಮವರು ಏನು ಎಂದು ಕೇಳಲಿಲ್ಲ. ಹಾಗೆ ಕೇಳದ ಗಂಡ ಸಿಗುವುದೂ ಪುಣ್ಯವೇ.

ಭಾನುವಾರ ಪಾರ್ಕಿನಲ್ಲಿ ಚರ್ಚೆಯ ವಿಷಯ ಬಿಸಿನೀರಿನ ಬಗ್ಗೆ ಏನೋ ಇತ್ತು. ಗಂಗಾಧರಪ್ಪನವರ ಹತ್ತಿರ ಎರಡು ನಿಮಿಷ ಕೇಳಿಕೊಂಡೆ. ಎಡಗೈಯಲ್ಲಿ ಬಟ್ಟಲು, ಮೇಲೆ ಸೆರಗು. ಮೈಕಿನ ಮುಂದೆ ನಿಂತಾಗ ಮತ್ತೆ ನಾಲ್ಕನೇ ಕ್ಲಾಸಿನ ವರಾಂಡ. ಆದರೂ ಹೇಳಿದೆ. ಆ ಪಾಠ ನಾನು ಮಾಡಿದ್ದಲ್ಲ, ಮಾಡಲು ಹೆದರಿಕೊಂಡಿದ್ದೆ, ಪ್ರತಿ ವರ್ಷ ಮಾಡಿದವಳು ಫಿಲೋಮಿನಾ, ಕಾಳುಗಳೂ ಅವಳವು, ಅವಳ ಮನೆಯವರವು ಎಂದೆ. ಹೇಳಿ ಮುಗಿಸಿ ನೆಲ ನೋಡಿದೆ.

ಯಾರೂ ಬೆಚ್ಚಿಬೀಳಲಿಲ್ಲ. ಯಾರೋ ಕೆಮ್ಮಿದರು. ಗಂಗಾಧರಪ್ಪನವರು ಮೆಲ್ಲಗೆ ಹೇಳಿದರು:

"ಗೊತ್ತು ಮಿಸ್. ನನ್ ಮಗ್ಳು ಅವತ್ತೇ ಯೋಳಿದ್ಲು, ಫಿಲೋಮಿನಾ ಮಿಸ್ಸು ನಮ್ಮನ್ನೆಲ್ಲ ಕಾಗೆ ಮಾಡ್ಸಿದ್ರು ಅಂತ. ಲಂಗದ ಜೇಬಲ್ಲಿ ಅಲಸಂದೆ ತಂದಿದ್ಲು."

ನಮ್ಮ ಮಗನೂ ಹೇಳಿದ್ದ ಎಂದರು ಹಿಂದಿನ ಬೆಂಚಿನವರು. ನಮ್ಮವಳೂ ಎಂದರು ಇನ್ನೊಬ್ಬರು. ನೋಡಿ ನನ್ನ ಬುದ್ಧಿ. ವರ್ಷಕ್ಕೆ ನಲವತ್ತು ಮಕ್ಕಳಂತೆ ಇಪ್ಪತ್ತನಾಲ್ಕು ವರ್ಷ ಕಣ್ಣಾರೆ ಕಂಡದ್ದನ್ನು ನಾನು ಗುಟ್ಟು ಎಂದುಕೊಂಡಿದ್ದೆ. ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನಕ್ಕೆ ನಾನು ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿತ್ತು. ಗೊತ್ತಿದ್ದೂ ತಟ್ಟಿದ್ದರು, ಪಾಪ ವನಜಾ ಮಿಸ್ಸು ಎಂದು.

ಗಂಗಾಧರಪ್ಪನವರು ಮುಗಿಸಿರಲಿಲ್ಲ. "ಅವತ್ತು ಸ್ಕೂಲ್‌ತಾವ ನಾನು ಜಗಳಕ್ಕೆ ಬಂದಿರ್ಲಿಲ್ಲ ಮಿಸ್. ನಮ್ಮನೆ ದೇವ್ರೇ ಆಂಜನೇಯ, ಕೋತಿ ಅಂದ್ರೆ ನಮಗ್ಯಾಕೆ ಬೇಜಾರು? ನಮ್ ತಾತ ಕೋತಿ ಆದ್ರೆ ಈಗಿರೋ ಕೋತಿಗಳು ಯಾಕೆ ಇನ್ನೂ ಕೋತಿಯಾಗೇ ಅವೆ ಅಂತ ಮಗ್ಳು ಕೇಳಿದ್ಲು. ನಂಗೆ ಗೊತ್ತಿರ್ಲಿಲ್ಲ. ಕೇಳ್ಕೊಂಡೋಗಣ ಅಂತ ಬಂದೆ. ನೀವು ಸಾರಿ ಸಾರಿ ಅಂತ ಓಡ್ಬಿಟ್ರಿ."

ನಲವತ್ತು ವರ್ಷ ಅವರು ಆ ಪ್ರಶ್ನೆ ಇಟ್ಟುಕೊಂಡಿದ್ದರು. ನಾನು ನಲವತ್ತು ವರ್ಷ ಅದರಿಂದ ಓಡುತ್ತಿದ್ದೆ. ಈಗ ಮಂಡಿ ಓಡಲು ಬಿಡುವುದಿಲ್ಲ. ಮೈಕು ಕೈಯಲ್ಲೇ ಇತ್ತು. ಚೀಟಿ ಇರಲಿಲ್ಲ.

ನಮ್ಮಮ್ಮ ಕೊಟ್ಟ ಹೆಪ್ಪಿನಿಂದ ನಮ್ಮ ಮನೆಯ ಮೊಸರೂ ಆಯಿತು, ಫಿಲೋ ಮನೆಯ ಮೊಸರೂ ಆಯಿತು ಎಂದೆ. ನಮ್ಮದು ನೆರಳಿನ ಅಡುಗೆಮನೆಯಲ್ಲಿ ಸಿಹಿಯಾಯಿತು, ಅವಳದು ಬಿಸಿಲಿನ ಅಡುಗೆಮನೆಯಲ್ಲಿ ಹುಳಿಯಾಯಿತು. ಅಮ್ಮನ ಮನೆಯ ಆ ಹಳೆಯ ಮೊಸರು ಈಗ ಎಲ್ಲೂ ಇಲ್ಲ. ಕೋತಿ ನಮ್ಮ ತಾತ ಅಲ್ಲ ಗಂಗಾಧರಪ್ಪನವರೇ, ದಾಯಾದಿ. ಗೋಡೆಯ ಆಚೆಯ ಮನೆ. ಅದು ಅದರ ಅಡುಗೆಮನೆಯಲ್ಲಿ ಬದುಕಿದೆ, ನಾವು ನಮ್ಮ ಅಡುಗೆಮನೆಯಲ್ಲಿ. ನಾವು ಬೇರೆ ರುಚಿಯಾದೆವೆಂದು ಅದು ಯಾಕೆ ಇಲ್ಲವಾಗಬೇಕು?

ಗಂಗಾಧರಪ್ಪನವರು ಸ್ವಲ್ಪ ಹೊತ್ತು ಟವೆಲ್ ಮಡಿಸಿದರು. ಮಗಳಿಗೆ ಇವತ್ತೇ ಫೋನ್ ಮಾಡಿ ಹೇಳುತ್ತೇನೆ ಎಂದರು. ಆ ಮಗಳಿಗೆ ಈಗ ಐವತ್ತೈದು.

"ಒಂದು ಸಣ್ಣ ತಿದ್ದುಪಡಿ," ಎಂದಳು ಫಿಲೋ ಕೂತಲ್ಲಿಂದಲೇ. "ಈಗ ಇವ್ರ ಮನೇಲಿರೋದೂ ನಮ್ಮನೆ ಮೊಸರೇ. ಮತ್ತೆ, ಅವರಮ್ಮನಿಗೂ ಮುಂಚೆ, ಮೊದಲನೇ ಹೆಪ್ಪು ಯಾರು ಹಾಕಿದ್ದು ಅಂತ ಮಿಸ್ ಇನ್ನೂ ಹೇಳಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಗೊತ್ತಿಲ್ಲ ಎಂದೆ. ಅಷ್ಟು ವರ್ಷ ಪಾಠ ಮಾಡಿದವಳು ಜನರ ಮುಂದೆ ಆ ಪದವನ್ನು ಮೊದಲ ಸಲ ಹೇಳಿದೆ. ಯಾರೂ ನನ್ನನ್ನು ವರಾಂಡಕ್ಕೆ ಕಳಿಸಲಿಲ್ಲ.

ಬಿಸಿನೀರಿನ ಚರ್ಚೆ ಶುರುವಾದ ಮೇಲೆ ಹೋಗಿ ಫಿಲೋ ಪಕ್ಕ ಕೂತೆ. ಸೆರಗಿನ ಅಡಿಯಿಂದ ಬಟ್ಟಲು ತೆಗೆದು ಅವಳ ಕೈಗಿಟ್ಟೆ. ಅವಳು ನೋಡಿದಳು. ಬಿಳಿ ಕಾಳು ಒಂದು ಕಡೆ, ಕಂದು ಕಾಳು ಒಂದು ಕಡೆ. ಆಮೇಲೆ ಬೆರಳಿನಿಂದ ಕೆದಕಿ ಒಂದು ಹುರುಳಿಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು.

"ಇದು ಹುಳ ಹೊಡೆದಿದೆ ಕಣೇ," ಎಂದಳು. "ಅವನಾಗಿದ್ರೆ ಬಿಡ್ತಿರ್ಲಿಲ್ಲ."

ಬೆಂಚಿನ ಮುಂದಿನ ಕೆಂಪು ಮಣ್ಣಿಗೆ ಎಸೆದಳು. ಅದು ಎಲ್ಲಿ ಬಿತ್ತೆಂದು ನಾನು ಕನ್ನಡಕ ಸರಿಮಾಡಿಕೊಂಡು ಹುಡುಕಿದೆ. ಅವಳೂ ಬಗ್ಗಿ ಹುಡುಕಿದಳು. ಕಾಣಿಸಲಿಲ್ಲ.